ಜಪಾನೀ ಹಬ್ಬಕ್ಕೆ ಹೆಗಲು ಹುಡುಕಿದ್ದು

ಟೆಂಟು, ಕುರ್ಚಿ, ಮೇಜು, ಜನರೇಟರು ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಇಳಿಯಬೇಕೆಂದಿರುವ ಕೆಲವರು ಈಚೆಗೆ ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಗೆ ಬರುತ್ತಾರೆ. ನನ್ನ ಹೆಂಡತಿ ಸರೋಜ ಕೊಟ್ಟ ಕಾಫಿ ಕುಡಿಯುತ್ತಾ, ಯಾವ ಟೆಂಟು ಬಾಳಿಕೆ ಬರುತ್ತದೆ, ಇನ್ಶೂರೆನ್ಸು ಎಷ್ಟಕ್ಕೆ ಮಾಡಿಸಬೇಕು ಎಂದೆಲ್ಲ ಕೇಳುತ್ತಾರೆ. ಅದು ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಅಲ್ಲಿ ಸಿಗದ ನಾಲ್ಕು ಮಾತನ್ನು ಬರೆದಿಡುವುದು ವಾಸಿ ಎನ್ನಿಸಿ ಕೂತಿದ್ದೇನೆ. ನಾನು ಇಂಥದೇ ಬಾಡಿಗೆ ಸಾಮಾನಿನ ಯಾರ್ಡೊಂದಕ್ಕೆ ಟ್ರಕ್ಕಿನ ಡ್ರೈವರಾಗಿ ಸೇರಿದ್ದು, ಆಮೇಲೆ ಅದೇ ಯಾರ್ಡನ್ನು ಕೊಂಡದ್ದು, ಆ ಕಥೆ ಬೇಡ. ಗೆದ್ದದ್ದನ್ನು ಹೇಳಿಕೊಂಡರೆ ನಿಮಗೇನೂ ಕಲಿಯಲು ಸಿಗುವುದಿಲ್ಲ.

ಮೊದಲನೆಯದು, ನೆಲ ನೋಡದೆ ರೇಟು ಹೇಳಬೇಡಿ. ಲಾಸ್ ಆಲ್ಟೋಸಿನಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರು ಮನೆಯ ಹಿತ್ತಿಲಲ್ಲೇ ಮಗಳ ಮದುವೆ ಇಟ್ಟುಕೊಂಡರು. ಫೋನಿನಲ್ಲೇ ಚೌಕಾಸಿ ಮುಗಿಸಿ, ನೇರವಾಗಿ ಟ್ರಕ್ಕು ತಂದು, ಹುಲ್ಲಿನ ಮೇಲೆ ಟೆಂಟಿನ ಗೂಟ ಹೊಡೆಸಿದೆ. ಗೂಟ ಹೋಗಿ ಹುಲ್ಲಿಗೆ ನೀರು ಬಿಡುವ ಪೈಪಿಗೆ ನಾಟಿತ್ತು. ಆಗ ಏನೂ ಗೊತ್ತಾಗಲಿಲ್ಲ. ಮಾರನೆಯ ಬೆಳಿಗ್ಗೆ, ಸರಿಯಾಗಿ ಧಾರೆಯ ಹೊತ್ತಿಗೆ, ನೀರಿನ ಟೈಮರು ತನ್ನ ಪಾಡಿಗೆ ತಾನು ಆನ್ ಆಯಿತು. ರೇಷ್ಮೆ ಸೀರೆ ಉಟ್ಟ ಹೆಂಗಸರ ಕಾಲಡಿಯಿಂದ ಬುಗ್ಗೆ ಎದ್ದಿತು. ಡಾಕ್ಟರು ಒಳ್ಳೆಯ ಮನುಷ್ಯ. ಒದ್ದೆ ಪಂಚೆಯಲ್ಲೇ ನನ್ನ ಹತ್ತಿರ ಬಂದು, "ನಂಜುಂಡಪ್ಪನವ್ರೇ, ಧಾರೆ ನಾವು ಎರೀಬೇಕಿತ್ತು, ನೀವೇ ಎರೆದ್ಬಿಟ್ರಿ" ಅಂದರು. ಅಂದಿನಿಂದ ಯಾರ ಹಿತ್ತಿಲಿಗೇ ಹೋಗಲಿ, ಮೊದಲು ಕೇಳುವುದು ಪೈಪು ಎಲ್ಲಿ ಓಡಿದೆ ಎಂದು.

ಎರಡನೆಯ ಪಾಠವನ್ನು ಕಲಿಸಿದವರು ಜಪಾನಿನವರು. ಇಲ್ಲಿನ ಕೊಲ್ಲಿಯ ದಕ್ಷಿಣದ ಊರೊಂದರಲ್ಲಿ ಹಳೆಯ ಜಪಾನೀ ಕೇರಿ ಇದೆ, ಕೆಲವೇ ಬೀದಿಗಳದ್ದು. ಪ್ರತಿ ವರ್ಷ ಚೆರ್ರಿ ಹೂ ಬಿಡುವ ಕಾಲಕ್ಕೆ ಅಲ್ಲಿ ಹಬ್ಬ. ಕಾರುಗಳನ್ನು ನಿಲ್ಲಿಸಿ, ಬೀದಿ ಮುಚ್ಚಿ, ಆಳೆತ್ತರದ ಡ್ರಮ್ಮು ಬಾರಿಸುತ್ತಾರೆ. ಚಹಾ ಮಾಡಿಕೊಡುವುದನ್ನೇ ಒಂದು ಶಾಸ್ತ್ರದಂತೆ ಮಾಡಿ ತೋರಿಸುತ್ತಾರೆ. ಬೇಯಿಸಿದ ಅಂಟಕ್ಕಿಯನ್ನು ಒರಳಿಗೆ ಹಾಕಿ, ಮರದ ಕೊಡತಿಯಲ್ಲಿ ಕುಟ್ಟಿ ಉಂಡೆ ಕಟ್ಟುತ್ತಾರೆ. ಈ ಹಬ್ಬದ ಟೆಂಟು, ಕುರ್ಚಿಯ ಕೆಲಸ ಹಿಡಿಯಬೇಕೆಂದು ನಾನು ಮೊದಲ ಸಲ ಅವರ ಸಮಿತಿಯ ಮುಂದೆ ಹೋಗಿ ಕೂತೆ. ಸಮಿತಿಯ ಹಿರಿಯರು ಟಕೆದಾ ಎನ್ನುವವರು. ಅಮೆರಿಕದಲ್ಲೇ ಹುಟ್ಟಿದವರು, ಬಡಗಿಯ ಮಗ, ತಾವೂ ಬಡಗಿ ಕೆಲಸ ಮಾಡಿಯೇ ತಲೆ ನರೆತವರು. ಎಲ್ಲರೂ ಅವರನ್ನು ಟಕೆದಾ-ಸಾನ್ ಎನ್ನುತ್ತಿದ್ದರು. ಹೆಸರಿನ ಕೊನೆಗೆ ಸಾನ್ ಸೇರಿಸುವುದು ನಾವು 'ಅವರು' ಅಂದ ಹಾಗೆ, ಮರ್ಯಾದೆಗೆ.

ನಾನು ರೇಟು ಹೇಳಿದೆ. ಅವರು ಸುಮ್ಮನಿದ್ದರು. ಜಾಸ್ತಿಯಾಯಿತೇನೋ ಎಂದು ಸ್ವಲ್ಪ ಇಳಿಸಿದೆ. ಆಗಲೂ ಸುಮ್ಮನೆ. ಮಂಡ್ಯದ ಸಂತೆಯಲ್ಲಿ ವ್ಯಾಪಾರ ಕಲಿತವನು ನಾನು. ಎದುರಿನವನು ಬಾಯಿ ಬಿಡದಿದ್ದರೆ ಇನ್ನೂ ಇಳಿಸು ಎಂದೇ ಅರ್ಥ. ಇಳಿಸಿದೆ. ಕೊನೆಗೆ ಟಕೆದಾ-ಸಾನ್ ತಲೆ ಎತ್ತಿ, ನೀವು ಮೊದಲು ಹೇಳಿದ ರೇಟೇ ಸರಿ, ನಾವು ಚಹಾದ ಟೆಂಟನ್ನು ಮರದ ನೆರಳಿಗೆ ಹಾಕುವುದೋ ಬೇಡವೋ ಎಂದು ಯೋಚಿಸುತ್ತಿದ್ದೆವು ಅಂದರು. ನೋಡಿ, ಚೌಕಾಸಿಯಲ್ಲಿ ಮಾತಾಡುವುದು ಎಲ್ಲರಿಗೂ ಬರುತ್ತದೆ. ಎದುರಿನವರ ಮೌನ ಎಂಥದ್ದು ಎಂದು ತಿಳಿಯುವುದು ಕಷ್ಟ.

ಆ ಮೌನ ಇನ್ನೂ ಒಂದು ಪಾಠ ಕಲಿಸಿತು. ಮೊದಲ ವರ್ಷ ಜನರೇಟರನ್ನು ನನಗೆ ಅನುಕೂಲವಾದ ಕಡೆ, ಮುಖ್ಯ ವೇದಿಕೆಯ ಬೆನ್ನಿಗೇ ಇಟ್ಟಿದ್ದೆ. ವೇದಿಕೆಯ ಮೇಲೆ ಇಬ್ಬರು ಹೆಂಗಸರು ನೆಲಕ್ಕೆ ಕೂತು, ಉದ್ದನೆಯ ತಂತಿವಾದ್ಯ ನುಡಿಸುತ್ತಿದ್ದರು. ಅವರ ಬೆರಳು ಓಡುವುದು ಕಾಣುತ್ತಿತ್ತೇ ಹೊರತು, ಕೇಳುತ್ತಿದ್ದದ್ದು ನನ್ನ ಡೀಸೆಲ್ ಯಂತ್ರದ ಗುಡುಗುಡು. ಯಾರೂ ಒಂದು ಮಾತು ಅನ್ನಲಿಲ್ಲ. ವಂದಿಸಿದರು, ಚೆಕ್ಕು ಕೊಟ್ಟರು, ಒಂದು ಡಬ್ಬಿ ಬಿಸ್ಕತ್ತೂ ಕೊಟ್ಟರು. ಮುಂದಿನ ವರ್ಷ ಅವರು ಫ್ಯಾಕ್ಸಿನಲ್ಲಿ ಕಳಿಸಿದ ಬೀದಿಯ ನಕ್ಷೆಯಲ್ಲಿ, ಜನರೇಟರಿನ ಜಾಗ ಎರಡು ಬೀದಿ ಆಚೆ ಇತ್ತು. ನಮ್ಮವರಾಗಿದ್ದರೆ ಅಲ್ಲೇ ಮೈಕಿನಲ್ಲೇ ಕೂಗುತ್ತಿದ್ದರು. ಇಂಥ ಗಿರಾಕಿಗಳ ಬೈಗುಳ ಕಿವಿಗೆ ಬೀಳುವುದಿಲ್ಲ. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎಂದು ಹುಡುಕಿ ನೋಡಿಕೊಳ್ಳಬೇಕು.

ಆಮೇಲೆ ಡಾಟ್‌ಕಾಮ್ ಕಾಲ ಬಂತು. ಫ್ಯಾಕ್ಸು ಹೋಗಿ ಇಮೇಲ್ ಬಂತು, ಸೊಂಟದ ಪೇಜರು ಹೋಗಿ ಸೆಲ್‌ಫೋನು ಬಂತು. ಮೆನ್ಲೋ ಪಾರ್ಕಿನಿಂದ ಕೆಳಗಡೆವರೆಗೆ ದಿನಕ್ಕೊಂದು ಇಂಟರ್ನೆಟ್ ಕಂಪನಿ ಹುಟ್ಟುತ್ತಿತ್ತು. ಹುಟ್ಟಿದ್ದಕ್ಕೊಂದು ಪಾರ್ಟಿ, ನೂರನೇ ನೌಕರ ಸೇರಿದರೆ ಒಂದು ಪಾರ್ಟಿ. ನನ್ನ ಟೆಂಟು ಒಣಗಲು ಬಿಡುವು ಸಿಗುತ್ತಿರಲಿಲ್ಲ. ಹೊಸ ಹುಡುಗರು ಇಪ್ಪತ್ತು ಮೇಜು ಬೇಕಾದ ಕಡೆ ಐವತ್ತು ಕೇಳುತ್ತಿದ್ದರು, ಚೌಕಾಸಿಯೇ ಇಲ್ಲ. ಒಂದು ಕಿವಿಮಾತು: ಚೌಕಾಸಿ ಮಾಡದ ಗಿರಾಕಿಯ ಮುಂಗಡವನ್ನು ಮೊದಲು ತೆಗೆದುಕೊಳ್ಳಿ. ಖರ್ಚು ಮಾಡುವಾಗ ನೋವಾಗದಿದ್ದರೆ, ಅದು ಅವನು ಸಂಪಾದಿಸಿದ ದುಡ್ಡಲ್ಲ.

ಅಂಥ ಕಂಪನಿಯೊಂದು ಜಪಾನೀ ಹಬ್ಬಕ್ಕೆ ಸ್ಪಾನ್ಸರ್ ಆಗಿ ಬಂತು. ಇಂಟರ್ನೆಟ್ಟಿನಲ್ಲಿ ಪಾರ್ಟಿ ಬುಕ್ ಮಾಡಿಕೊಡುವುದು ಅವರ ಉದ್ಯೋಗ. ನನ್ನ ಯಾರ್ಡಿನಿಂದಲೇ ಕುರ್ಚಿ ಒಯ್ಯುತ್ತಿದ್ದರು, ಸಮಿತಿಗೆ ಪರಿಚಯ ಮಾಡಿಸಿದವನೂ ನಾನೇ. ಹಬ್ಬಕ್ಕೆ ಅವರು ಕೊಡುತ್ತೇವೆ ಅಂದದ್ದು ಹಣಕ್ಕಿಂತ ದೊಡ್ಡದನ್ನು, ಹೆಗಲನ್ನು.

ಏಕೆ ಹೆಗಲು ಎಂದರೆ, ಆ ಹಬ್ಬದ ಜೀವ ಇರುವುದು ಮಿಕೋಶಿ ಎನ್ನುವ ವಸ್ತುವಿನಲ್ಲಿ. ದೇವರನ್ನು ಕೂರಿಸುವ ಪುಟ್ಟ ಗುಡಿ ಅದು. ಕಪ್ಪು ಅರಗಿನ ಹೊಳಪು, ಮೇಲೊಂದು ಚಿನ್ನದ ಬಣ್ಣದ ಹಕ್ಕಿ, ಸುತ್ತ ಗೆಜ್ಜೆಯಂಥ ಗಂಟೆಗಳು, ಅಡಿಯಲ್ಲಿ ಉದ್ದುದ್ದ ತೊಲೆಗಳು. ತೊಲೆಗೆ ಹೆಗಲು ಕೊಟ್ಟು ಬೀದಿ ಬೀದಿ ಸುತ್ತಿಸುತ್ತಾರೆ. ಇದನ್ನು ಮಾಡಿದವರು ಟಕೆದಾ-ಸಾನ್ ಅವರ ತಂದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಶತ್ರು ದೇಶದವರೆಂದು, ಇಲ್ಲಿನ ಜಪಾನೀ ಮನೆಗಳವರನ್ನೆಲ್ಲ ಸರ್ಕಾರ ಕಾವಲಿನ ಕ್ಯಾಂಪುಗಳಿಗೆ ಸಾಗಿಸಿತ್ತು. ಅಲ್ಲಿಂದ ಹಿಂದಿರುಗಿದಾಗ ಮರ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಆಗ ಈ ಕಣಿವೆಯ ತುಂಬ ಏಪ್ರಿಕಾಟ್ ತೋಟ. ಹಣ್ಣು ತುಂಬುವ ಮುರುಕಲು ಪೆಟ್ಟಿಗೆಗಳ ಹಲಗೆ ಆಯ್ದು ಅವರು ಆ ಗುಡಿ ಕಟ್ಟಿದರಂತೆ. ಅರಗಿನ ಕೆಳಗೆ ಈಗಲೂ ಒಂದು ಕಡೆ ತೋಟದ ಮುದ್ರೆ ಇದೆ ಎಂದು ಟಕೆದಾ-ಸಾನ್ ಒಮ್ಮೆ ನನಗೆ ಟಾರ್ಚು ಹಿಡಿದು ತೋರಿಸಿದ್ದರು.

ಆದರೆ ಹೊರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹಿರಿಯರ ಮೊಣಕಾಲು ಹೋಗಿತ್ತು; ಮಕ್ಕಳು ದೂರದೂರಕ್ಕೆ ಹೋಗಿದ್ದರು. ಅದಕ್ಕೇ ಡಾಟ್‌ಕಾಮಿನವರು ನಮ್ಮ ನೌಕರರನ್ನೇ ಕಳಿಸುತ್ತೇವೆ ಅಂದಾಗ ಸಮಿತಿ ಬಾಗಿ ಬಾಗಿ ವಂದಿಸಿತು. ಹಬ್ಬಕ್ಕೆ ಒಂದು ತಿಂಗಳೂ ಇಲ್ಲದಿದ್ದಾಗ ಕಂಪನಿ ಮುಳುಗಿತು. ಆಫೀಸಿಗೆ ಹೋದರೆ, ಬಾಗಿಲಲ್ಲಿ ಕುರ್ಚಿ ಹರಾಜಿನವರು ನಿಂತಿದ್ದರು.

ಸಮಿತಿ ಸೇರಿತು. ಮಿಕೋಶಿಯನ್ನು ಈ ಸಲ ಟ್ರಕ್ಕಿನ ಮೇಲಿಟ್ಟು ಮೆರವಣಿಗೆ ಮಾಡೋಣ, ಮುಂದಕ್ಕೂ ಹಾಗೇ ಇರಲಿ ಎಂದು ಹೆಚ್ಚಿನವರ ಅಭಿಪ್ರಾಯ. ನನ್ನದೇ ಮೇಲೆ ಮುಚ್ಚಿಲ್ಲದ ಟ್ರಕ್ಕು ಬಾಡಿಗೆಗೆ ಕೇಳಿದರು. ವ್ಯಾಪಾರಕ್ಕೆ ಒಳ್ಳೆಯದೇ. ಟಕೆದಾ-ಸಾನ್ ಬಾಯಿ ಬಿಡಲಿಲ್ಲ. ಸಭೆ ಮುಗಿದು ನಾನು ಮೇಜು ಅಳೆಯುತ್ತಿದ್ದಾಗ ಹತ್ತಿರ ಬಂದು, "ಒಂದು ಸಲ ಚಕ್ರದ ಮೇಲೆ ಹೋದ ಮಿಕೋಶಿ ಮತ್ತೆ ಹೆಗಲಿಗೆ ಬರುವುದಿಲ್ಲ ನಂಜು-ಸಾನ್. ಬೇರೆ ಊರುಗಳಲ್ಲಿ ನೋಡಿದ್ದೇನೆ" ಅಂದರು. ನಾನು ತಡೆಯಲಾರದೆ ಕೇಳಿದೆ: ನಿಮ್ಮವರಲ್ಲದವರು ಹೊತ್ತರೆ ನಡೆಯುತ್ತದೆಯೇ? ಅವರು ನನ್ನ ಕೈಯ ಟೇಪನ್ನು ನೋಡಿ, "ಅವರ ಎತ್ತರ ಎಷ್ಟು?" ಅಂದರು. ತೊಲೆಗೆ ಸರಿಸಮನಾದ ಹೆಗಲು ಬೇಕು. ಅವರಿಗಿದ್ದ ಚಿಂತೆ ಅಷ್ಟೇ.

ಆ ವಸಂತದಲ್ಲಿ ಫ್ರೀಮಾಂಟಿನಲ್ಲಿ ಹೆಗಲಿಗೇನು ಬರವೇ? ಕಂಪನಿಗಳು ಒಂದರ ಹಿಂದೊಂದು ಜನರನ್ನು ಮನೆಗೆ ಕಳಿಸುತ್ತಿದ್ದವು. ಭಾನುವಾರ ಇಂಡಿಯನ್ ಗ್ರೋಸರಿ ಅಂಗಡಿಯ ಮುಂದೆ ನಿಂತರೆ ಸಾಕು, ಬೆಂಗಳೂರು, ಮೈಸೂರಿನ ಇಂಜಿನಿಯರುಗಳು ಕೊತ್ತಂಬರಿ ಕಟ್ಟು ಹಿಡಿದು ಗಂಟೆಗಟ್ಟಲೆ ಹರಟುತ್ತಿದ್ದರು. ಹಿಂದಿನ ವರ್ಷ ಅವರಿಗೆ ತಲೆ ಎತ್ತಿ ಮಾತಾಡಲೂ ಪುರುಸೊತ್ತಿರಲಿಲ್ಲ. ಅವರಲ್ಲಿ ನನಗೆ ಸಲಿಗೆಯಿದ್ದವನು ಪ್ರಸಾದ. ಹಾಸನದ ಹತ್ತಿರದ ಹಳ್ಳಿಯವನು, ಬೆಂಗಳೂರಿನಲ್ಲಿ ಓದಿದವನು. ಕೆಲಸ ಹೋಗಿ ಮೂರು ವಾರವಾಗಿತ್ತು. ಅವನ ತಾಯಿ ತಾಯಮ್ಮನವರು ಮಗನ ವೈಭವ ನೋಡಲೆಂದು ಅದೇ ಹೊತ್ತಿಗೆ ಬಂದು ಇಳಿದಿದ್ದರು. ಅವರಿಗೆ ಗೊತ್ತಾಗದಿರಲಿ ಎಂದು ಅವನು ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ಲೈಬ್ರರಿಗೆ ಹೋಗಿ ಕೂರುತ್ತಿದ್ದ. ತಾಯಮ್ಮನವರಿಗೆ ಎರಡನೇ ದಿನವೇ ಗೊತ್ತಾಗಿತ್ತು. ಮಗನಿಗೆ ಬೇಜಾರಾಗದಿರಲಿ ಎಂದು ಅವರೂ ದಿನಾ ಡಬ್ಬಿ ಕಟ್ಟಿಕೊಡುತ್ತಿದ್ದರು. ಇದನ್ನು ಅವರು ಹೇಳಿದ್ದು ನಮ್ಮ ಸರೋಜಳಿಗೆ, ಅವಳು ನನಗೆ.

ನಾನು ವಿಷಯ ಎತ್ತಿದೆ. ಪ್ರಸಾದ ನಕ್ಕ. "ಅಣ್ಣಾ, ರೆಸ್ಯೂಮ್‌ನಲ್ಲಿ ಏನಂತ ಹಾಕ್ಕೊಳ್ಲಿ? ದೇವ್ರು ಹೊರೋ ಎಕ್ಸ್‌ಪೀರಿಯೆನ್ಸ್ ಅಂತನಾ?"

"ಹಾಕ್ಕೋ. ಟೀಮ್ ವರ್ಕು ಅಂತ ಹಾಕ್ಕೋ."

"ಊಟ?"

"ಸರೋಜನ ಬಿಸಿಬೇಳೆಬಾತು. ಮೊಸರನ್ನಾನೂ ಉಂಟು."

"ಬೂಂದಿ?"

ಬೂಂದಿಗೂ ಒಪ್ಪಿದೆ. ಕೆಲಸ ಕಳೆದುಕೊಂಡವರನ್ನು ಕರೆಯುವಾಗ ಪಾಪ ಎಂದು ಕರೆಯಬೇಡಿ. ಚೌಕಾಸಿ ಮಾಡಲು ಬಿಡಿ. ಮೂರು ವಾರದಿಂದ ಯಾರೂ ಅವರ ಹತ್ತಿರ ಏನನ್ನೂ ಕೇಳಿರುವುದಿಲ್ಲ.

ಅವನು ಫೋನು ಮಾಡಿ ಮಾಡಿ ನಲವತ್ತು ಜನರನ್ನು ಸೇರಿಸಿದ. ಇಬ್ಬರು ಮೂವರು, ಬೇರೆಯವರ ದೇವರು, ನಾವು ಮುಟ್ಟಬಹುದೇ ಎಂದು ಅನುಮಾನಪಟ್ಟರು. ದೇವರ ಹೊಣೆ ನನ್ನದು, ನೀವು ಸೊಂಟ ನೋಡಿಕೊಳ್ಳಿ ಅಂದೆ. ಎರಡು ಶನಿವಾರ ನನ್ನ ಯಾರ್ಡಿನಲ್ಲೇ ಅಭ್ಯಾಸ. ಟಕೆದಾ-ಸಾನ್ ಅವರಿಗೆ ಆಗ ಫ್ಲೂ ಜ್ವರ, ಬರಲಾಗಲಿಲ್ಲ. ಕಲಿಸುವ ಕೆಲಸ ನನ್ನ ಮೇಲೆ ಬಿತ್ತು. ವೇದಿಕೆಯ ಚೌಕಟ್ಟಿಗೆ ತೊಲೆ ಕಟ್ಟಿ, ಅದರ ಮೇಲೆ ಅಕ್ಕಿಮೂಟೆ ಹೇರಿ, ನಟ್ಟ ನಡುವೆ ನೀರು ತುಂಬಿದ ಬಕೆಟ್ಟು ಇಟ್ಟೆ. ಎತ್ತರ ನೋಡಿ ಜೋಡಿ ಮಾಡಿದೆ. ಹೆಜ್ಜೆಗೆ ಹೆಜ್ಜೆ, ಎಡ, ಬಲ. ಬಕೆಟ್ಟಿನ ನೀರು ತುಳುಕಬಾರದು. ಎರಡನೇ ಶನಿವಾರದ ಕೊನೆಗೆ ಒಂದು ಹನಿಯೂ ಆಚೆ ಬೀಳದ ಹಾಗೆ ಯಾರ್ಡು ಸುತ್ತಿ ಬಂದರು. ಕಾರಿನ ಸಸ್ಪೆನ್ಷನ್ನು ಕೂಡ ಅಷ್ಟು ನಯವಾಗಿರುವುದಿಲ್ಲ. ನನಗಂತೂ ಎದೆ ಉಬ್ಬಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಷ್ಟು ವರ್ಷ ಆ ಹಬ್ಬಕ್ಕೆ ಟೆಂಟು ಹಾಕಿದ್ದೆನಲ್ಲ, ಮಿಕೋಶಿಯ ಮೆರವಣಿಗೆಯನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಅದು ಹಬ್ಬದ ಕಟ್ಟಕಡೆಯ ಕಾರ್ಯಕ್ರಮ. ಜನರೆಲ್ಲ ಬೀದಿಯ ಆ ತುದಿಗೆ ಓಡಿದ ಕೂಡಲೇ ಈ ತುದಿಯಲ್ಲಿ ಕುರ್ಚಿ ಮಡಿಸಲು ನಮಗೆ ಹೇಳಿ ಮಾಡಿಸಿದ ಸಮಯ. ಗದ್ದಲ ಕೇಳಿಸುತ್ತಿತ್ತು, ಅಷ್ಟೆ. ದೇವರನ್ನು ಹೇಗೆ ಹೊರುತ್ತಾರೆ ಎಂದು ಬೇರೆ ಹೇಳಿಸಿಕೊಳ್ಳಬೇಕೇ? ಮೈಸೂರಿನಲ್ಲಿ ಪಲ್ಲಕ್ಕಿ ಉತ್ಸವ ನೋಡಿದ್ದೆ. ವಿಗ್ರಹದ ಮೇಲಿನ ಹೂವು ಅಲುಗದ ಹಾಗೆ ಹೊರುವುದೇ ಭಕ್ತಿ ಎಂದುಕೊಂಡಿದ್ದೆ. ನನ್ನ ಇಂಜಿನಿಯರುಗಳೂ ಹಾಗೇ ಅಂದುಕೊಂಡಿದ್ದರು.

ಹಬ್ಬದ ದಿನ ಸಮಿತಿಯವರು ಎಲ್ಲರಿಗೂ ನೀಲಿ ಅಂಗಿ ಕೊಟ್ಟರು, ತಲೆಗೆ ಬಿಳಿ ಬಟ್ಟೆ ಕಟ್ಟಿದರು. ನಮ್ಮವರು ಅಭ್ಯಾಸಬಲದಿಂದ ಚಪ್ಪಲಿ, ಶೂ ಬಿಚ್ಚಿ ಬರಿಗಾಲಲ್ಲಿ ನಿಂತರು. ಟಾರು ಕಾದಿದೆ ಎಂದು ಸಮಿತಿಯ ಹೆಂಗಸೊಬ್ಬರು ಅವರಿಗೆ ಮತ್ತೆ ಶೂ ಹಾಕಿಸಿದರು. ನನ್ನ ಟ್ರಕ್ಕು, ಕೆಂಪು ಬಿಳಿ ಬಟ್ಟೆ ಸುತ್ತಿಸಿಕೊಂಡು, ಹೊರುವವರು ಕೈಬಿಟ್ಟರೆ ಇರಲಿ ಎಂದು, ಅರ್ಧ ದಾರಿಯ ಅಡ್ಡರಸ್ತೆಯಲ್ಲಿ ಕಾಯುತ್ತಿತ್ತು. ಡ್ರಮ್ಮು ಬಾರಿಸಿದರು. ನಮ್ಮವರು ಹೆಗಲು ಕೊಟ್ಟರು. ಮಿಕೋಶಿ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ನಾನು ಅಂದು ಕುರ್ಚಿಗಳನ್ನು ಆಳುಗಳಿಗೆ ಬಿಟ್ಟು ಪಕ್ಕದಲ್ಲೇ ನಡೆದೆ.

ಎಂಥ ನಡೆ. ಹಕ್ಕಿಯ ರೆಕ್ಕೆಯೂ ಅಲುಗಲಿಲ್ಲ. ಮೊದಲ ಬೀದಿ ದಾಟುವ ಹೊತ್ತಿಗೆ ಚಪ್ಪಾಳೆ ನಿಂತಿತ್ತು. ನಡುಬೀದಿಗೆ ಬರುವಾಗ ಜನ ಮಾತನ್ನೇ ನಿಲ್ಲಿಸಿದ್ದರು. ಭಕ್ತಿ ಎಂದುಕೊಂಡೆ. ಟಕೆದಾ-ಸಾನ್ ಜ್ವರದಿಂದೆದ್ದ ಮೈಯಲ್ಲಿ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಬೀಸಣಿಗೆ ಆಡಿಸುತ್ತಿದ್ದರು. ಮುಖದಲ್ಲಿ ಏನೂ ಇಲ್ಲ. ಆದರೆ ಬೀಸಣಿಗೆ ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ, ಹೋಗುತ್ತಾ ಹೋಗುತ್ತಾ ಜೋರಾಗುತ್ತಿತ್ತು. ಅವರು ಸುಮ್ಮನಿದ್ದಾರೆ ಎಂದರೆ ಏನೋ ತಪ್ಪಿದೆ. ಏನು? ಆಗ ಹೊಳೆಯಿತು, ಆ ಸುತ್ತಲ ಗಂಟೆಗಳಲ್ಲಿ ಒಂದೂ ಹೊರಟಾಗಿನಿಂದ ಸದ್ದು ಮಾಡಿರಲಿಲ್ಲ. ಮುಂದೆ ಅಡ್ಡರಸ್ತೆ, ಸಮಿತಿಯ ಒಬ್ಬರು ಟ್ರಕ್ಕಿನ ಹಿಂಬಾಗಿಲು ಇಳಿಸಲು ಸನ್ನೆ ಮಾಡುತ್ತಿದ್ದರು.

ಅಷ್ಟರಲ್ಲಿ ರಸ್ತೆ ಬದಿಯಲ್ಲಿ, ನನ್ನದೇ ಮಡಿಸುವ ಕುರ್ಚಿಯಿಂದ ತಾಯಮ್ಮನವರು ಎದ್ದು ನಿಂತರು. ಸೀರೆ, ಮೇಲೆ ಸ್ವೆಟರು, ಕಾಲಿಗೆ ಬಿಳಿ ಸ್ನೀಕರು.

"ಏನ್ಲಾ ಪ್ರಸಾದ, ಹೆಣ ಹೊತ್ಕಂಡ್ ಹೋದಂಗೆ ಹೋಯ್ತಿದ್ದೀರಲ್ರೋ. ಕೆಲ್ಸ ಹೋಗಿರೋದು ನಿಂಗೆ, ದೇವ್ರಿಗೇನಾಗೈತೆ? ಕುಣ್ಸ್ರೋ ಅದನ್ನ."

ನಲವತ್ತು ಜನರೂ ನಿಂತರು. ಪ್ರಸಾದನ ಮುಖ ಕೆಂಪಾಯಿತು. ಕೆಲಸ ಹೋದದ್ದು ಅಮ್ಮನಿಗೆ ಗೊತ್ತಿದೆ ಎಂದು ಅವನಿಗೆ ತಿಳಿದದ್ದು ಆ ಗಳಿಗೆಯಲ್ಲಿ, ತೊಲೆಯ ಕೆಳಗೆ. ಟಕೆದಾ-ಸಾನ್ ಬೀಸಣಿಗೆ ನಿಲ್ಲಿಸಿ ನನ್ನನ್ನು ನೋಡಿದರು, ಆ ತಾಯಿ ಏನಂದರು ಎಂದು ಕೇಳಿದರು. ನಯ ಮಾಡಿ ಹೇಳಲು ಬಾಯಿವರೆಗೆ ಬಂದಿತ್ತು. ಬೇಡ ಎನ್ನಿಸಿತು. ಹೆಣ ಹೊತ್ತ ಹಾಗಿದೆ, ಕುಣಿಸಿರಿ ಎನ್ನುತ್ತಿದ್ದಾರೆ. ಅವರ ಹಳ್ಳಿಯಲ್ಲಿ ದೇವರನ್ನು ಅಡ್ಡೆಯ ತೊಲೆ ಮೇಲೆ ಹೊತ್ತರೆ ಕುಣಿಸುತ್ತಾರಂತೆ ಎಂದು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ.

ಟಕೆದಾ-ಸಾನ್ ಒಂದು ದೊಡ್ಡ ಉಸಿರು ಬಿಟ್ಟರು. "ಅದನ್ನೇ ಹೇಗೆ ಹೇಳುವುದು ಎಂದು ಎರಡು ಬೀದಿಯಿಂದ ಯೋಚಿಸುತ್ತಿದ್ದೆ" ಅಂದರು.

ಅವರ ಪದ್ಧತಿಯಲ್ಲೂ ಮಿಕೋಶಿಯನ್ನು ಎತ್ತಿ ಎತ್ತಿ ಕುಲುಕಬೇಕಂತೆ. ಕುಲುಕಿದಷ್ಟೂ ಒಳಗಿನ ದೇವರಿಗೆ ಸಂತೋಷ, ಬೀದಿಗೆ ಒಳ್ಳೆಯದು. ನಾವು ದೇವರನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಒಯ್ಯುತ್ತಿದ್ದೆವು. ಟಕೆದಾ-ಸಾನ್, ನಮ್ಮವರು ಐಸಾ ಎನ್ನುವ ಹಾಗೆ, "ವಾಶ್ಶೋಯ್" ಎಂದು ಕೂಗಿ ಬೀಸಣಿಗೆ ಎತ್ತಿದರು. ತಾಯಮ್ಮನವರು ಅವರ ಪಕ್ಕಕ್ಕೆ ಹೋಗಿ ನಿಂತು ಎರಡೂ ಕೈ ಮೇಲಕ್ಕೆತ್ತಿ "ಹಾಕು, ಹಾಕು" ಅಂದರು. ಮೊದಲು ಪ್ರಸಾದ ಮೊಣಕಾಲು ಬಗ್ಗಿಸಿ ಎದ್ದ. ಅವನ ಹಿಂದಿನವನು ಎದ್ದ. ತೊಲೆ ಓಲಾಡಿತು, ಯಾರದೋ ತಲೆಗೆ ತಾಗಿತು, ಮೈಸೂರಿನವನೊಬ್ಬ ಅಯ್ಯಯ್ಯಪ್ಪ ಎಂದ. ನಾಲ್ಕು ಸಲ ತಾಳ ತಪ್ಪಿತು. ಐದನೇ ಸಲ ಒಟ್ಟಿಗೆ ಎದ್ದಿತು, ಒಟ್ಟಿಗೆ ಇಳಿಯಿತು, ಗಂಟೆಗಳೆಲ್ಲ ಒಮ್ಮೆಲೇ ಘಲ್ಲೆಂದವು.

ಕುರ್ಚಿಯಲ್ಲಿ ಕೂತಿದ್ದ ಜಪಾನೀ ಅಜ್ಜಂದಿರು ಎದ್ದು ನಿಂತರು. ಅಂಗಡಿಗಳಿಂದ, ತಿಂಡಿಯ ಟೆಂಟುಗಳಿಂದ ಅವರ ಮೊಮ್ಮಕ್ಕಳು ಬಂದು, ತೊಲೆಯಲ್ಲಿ ಜಾಗ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿ ಹೆಗಲು ತೂರಿಸಿದರು. ಅಡ್ಡರಸ್ತೆ ಬಂತು. ಟ್ರಕ್ಕಿನ ಹತ್ತಿರ ಯಾರೂ ನಿಲ್ಲಲಿಲ್ಲ. ಟಕೆದಾ-ಸಾನ್ ಅದರ ಕಡೆಗೆ ತಿರುಗಿಯೂ ನೋಡಲಿಲ್ಲ. ಕೊನೆಯ ಬೀದಿಯಲ್ಲಿ ನಮ್ಮವರು ಕೂಗುತ್ತಿದ್ದದ್ದು ಅರ್ಧ ಜಪಾನೀ, ಅರ್ಧ ಹಾಸನ.

ಬೀದಿ ಕೊನೆಯ ಅವರ ದೇವಸ್ಥಾನದ ಅಂಗಳದಲ್ಲಿ ಮಿಕೋಶಿ ಇಳಿಸಿದ ಮೇಲೆ ಪ್ರಸಾದ ಹೆಗಲು ಉಜ್ಜಿಕೊಳ್ಳುತ್ತಾ ತಾಯಿಯ ಮುಂದೆ ನಿಂತ.

"ಯಾವಾಗ ಗೊತ್ತಾಯ್ತಮ್ಮ?"

"ದಿನಾ ದುಡ್ದು ಬಂದೋನ ಬೂಟಿಗೆ ಧೂಳೇ ಇರ್ನಿಲ್ಲ ಕಣಪ್ಪ. ಬಾ, ಉಣ್ಣು."

ಅವನಿಗೆ ಕೆಲಸ ಸಿಕ್ಕಲು ಮುಂದಿನ ದೀಪಾವಳಿಯವರೆಗೆ ಹಿಡಿಯಿತು; ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಂದಿನಿಂದ ಅವನು ಲೈಬ್ರರಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಕೂತು ಅರ್ಜಿ ಹಾಕತೊಡಗಿದ, ತಾಯಮ್ಮನವರು ಪಕ್ಕದಲ್ಲಿ ಅವರೆಕಾಳು ಹಿದುಕುತ್ತಿದ್ದರು.

ವಾರ ಕಳೆದು ಟಕೆದಾ-ಸಾನ್ ನನ್ನ ಯಾರ್ಡಿಗೆ ಬಂದರು. ಮುಂದಿನ ವರ್ಷಕ್ಕೆ ಟ್ರಕ್ಕು ಬೇಡ, ಸಮಿತಿ ತೀರ್ಮಾನಿಸಿದೆ ಎಂದರು. ನಿಮ್ಮ ಜನ ಬರುತ್ತಾರೆಯೇ, ಆ ತಾಯಿ ಇನ್ನೊಮ್ಮೆ ಬರುವುದು ಯಾವಾಗ ಎಂದು ಕೇಳಿದರು. ಸಾಯುವಾಗಲೂ ಚೌಕಾಸಿ ಮಾಡುವವನು ಎಂದು ಸರೋಜ ನನ್ನನ್ನು ಅನ್ನುವುದು ಸುಳ್ಳಲ್ಲ. ಬರುತ್ತಾರೆ, ಆದರೆ ಒಂದು ಷರತ್ತು ಅಂದೆ: ಕುರ್ಚಿ ಮಡಿಸುವುದು ಒಂದು ಗಂಟೆ ತಡವಾಗುತ್ತದೆ, ನನಗೂ ತೊಲೆಯಲ್ಲಿ ಜಾಗ ಬೇಕು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಈ ಸಲ ನಾನೂ ಸುಮ್ಮನಿದ್ದೆ.

ನಾನು ಕುಳ್ಳ, ನನ್ನ ಹೆಗಲು ತೊಲೆಗೆ ಎಟುಕುವುದಿಲ್ಲ. ಮಿಕೋಶಿಯನ್ನು ನಡುನಡುವೆ ಇಳಿಸಿ ದಣಿವಾರಿಸಿಕೊಳ್ಳಲು ಎರಡು ಮರದ ಸ್ಟ್ಯಾಂಡು ಇರುತ್ತವೆ, ಅವನ್ನು ಹೊತ್ತು ಹಿಂದೆ ಓಡುವವರು ಬೇಕು. ಆ ಕೆಲಸ ನನಗೆ ಕೊಟ್ಟರು. ಮುಂದಿನ ವಸಂತದಲ್ಲಿ ಎರಡು ಕೈಗೆ ಎರಡು ಸ್ಟ್ಯಾಂಡು ಹಿಡಿದು, ಗಂಟೆಗಳ ಸದ್ದಿನ ಹಿಂದೆ ಇಡೀ ಬೀದಿ ಓಡಿದೆ. ಅದಕ್ಕೆ ಬಾಡಿಗೆ ಹಾಕಲಿಲ್ಲ.